ಎರಡು ಪ್ರಶ್ನೆ, ಒಂದು ಷರತ್ತು

ಜ್ವರವೆಂದು ಹೋದರೂ ಸರಿ, ಮಂಡಿನೋವೆಂದು ಹೋದರೂ ಸರಿ, ವೈದ್ಯರು ಮೊದಲು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುತ್ತಾರೆ. ವಯಸ್ಸು ನಲವತ್ತು ದಾಟಿದ್ದರೆ ಸಕ್ಕರೆ ಪರೀಕ್ಷೆಗೂ ಚೀಟಿ ಬರೆದುಕೊಡುತ್ತಾರೆ. ರೋಗಿ ಅದಕ್ಕೆಂದು ಬಂದವನಲ್ಲ. ಆದರೂ ನೋಡುತ್ತಾರೆ, ಏಕೆಂದರೆ ಇವೆರಡೂ ಸದ್ದಿಲ್ಲದೆ ಬೆಳೆಯುವ ಕಾಯಿಲೆಗಳು. ಖಿನ್ನತೆ ಮತ್ತು ಆತಂಕ ಕೂಡ ಹಾಗೆಯೇ ಬೆಳೆಯುತ್ತವೆ. ಆದರೆ "ಈಚೆಗೆ ಮನಸ್ಸು ಹೇಗಿದೆ?" ಎಂದು ಕೇಳುವ ವೈದ್ಯರು ವಿರಳ. ಕೇಳಿದರೆ "ನನಗೇನು ಹುಚ್ಚು ಹಿಡಿದಿದೆಯೇ?" ಎಂದು ಮುಖ ಸಿಂಡರಿಸುವ ರೋಗಿಗಳಿಗೇನೂ ಕೊರತೆಯಿಲ್ಲ.

ಈ ಪ್ರಶ್ನೆಯನ್ನು ಎಲ್ಲ ರೋಗಿಗಳಿಗೂ ಕೇಳಬೇಕೇ ಎಂಬುದು ವೈದ್ಯಲೋಕದಲ್ಲಿ ಎರಡು ದಶಕಗಳಿಗೂ ಮಿಕ್ಕಿ ನಡೆದಿರುವ ಚರ್ಚೆ. ಅಮೆರಿಕದ ವೈದ್ಯರ ವೃತ್ತಿ ಸಂಘಗಳು ಕೇಳಲೇಬೇಕು ಎನ್ನುತ್ತವೆ. ಕೆನಡಾ ಮತ್ತು ಬ್ರಿಟನ್ನಿನ ತಜ್ಞ ಮಂಡಳಿಗಳು ಎಲ್ಲರಿಗೂ ಕೇಳುವುದು ಬೇಡ ಎಂದಿವೆ. ನಮ್ಮಲ್ಲಿ ಈ ಪ್ರಶ್ನೆ ಈಗಾಗಲೇ ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ನಮೂನೆಯೊಳಗೆ ಸೇರಿಕೊಂಡು ಮನೆಬಾಗಿಲಿಗೆ ಬಂದಿದೆ. ಆದ್ದರಿಂದ ಈ ಚರ್ಚೆಯ ಒಳಗುಟ್ಟನ್ನು ತಿಳಿದಿರುವುದು ಓದುಗರಿಗೂ ಅಗತ್ಯ.

ಸುಸ್ತಿನ ಹಿಂದೆ ಏನಿದೆ?

ಖಿನ್ನತೆಯಿಂದ ಬಳಲುವವರು "ನನಗೆ ಖಿನ್ನತೆ" ಎಂದು ಹೇಳಿಕೊಂಡು ಬರುವುದಿಲ್ಲ. ತಲೆ ಭಾರ, ಎದೆಯಲ್ಲಿ ಏನೋ ಒತ್ತಿದಂತೆ, ಹೊಟ್ಟೆ ಉರಿ, ಕೈಕಾಲು ಜೋಮು, ಊಟ ಸೇರದು, ನಸುಕಿನಲ್ಲೇ ಎಚ್ಚರ, ಎಷ್ಟು ಮಲಗಿದರೂ ಹೋಗದ ಸುಸ್ತು - ಇವು ಅವರ ದೂರುಗಳು. ಇವೆಲ್ಲ ನಟನೆಯಲ್ಲ, ನಿಜವಾದ ನೋವುಗಳೇ. ರಕ್ತ ಪರೀಕ್ಷೆ, ಇ.ಸಿ.ಜಿ. ಎಲ್ಲ ಆಗಿ "ಏನೂ ಇಲ್ಲ, ಟಾನಿಕ್ ಕುಡಿಯಿರಿ" ಎನಿಸಿಕೊಂಡು ಬಂದವರು ಇನ್ನೊಬ್ಬ ವೈದ್ಯರನ್ನು ಹುಡುಕುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಭಾರತ, ಸುಡಾನ್, ಕೊಲಂಬಿಯಾ ಮತ್ತು ಫಿಲಿಪೈನ್ಸ್ ದೇಶಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಒಂದು ಅಧ್ಯಯನ 1980ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಅದು ನಡೆದದ್ದು ಹರಿಯಾಣದ ರಾಯಪುರ ರಾಣಿ ಎಂಬಲ್ಲಿ. ಬೇರೆ ಬೇರೆ ದೂರು ಹೊತ್ತು ಬಂದಿದ್ದ 1624 ರೋಗಿಗಳನ್ನು ವಿವರವಾಗಿ ವಿಚಾರಿಸಿದಾಗ 225 ಮಂದಿಗೆ, ಅಂದರೆ ನೂರಕ್ಕೆ ಸುಮಾರು 14 ಮಂದಿಗೆ, ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರು ತಲೆನೋವು, ಹೊಟ್ಟೆನೋವು, ಕೆಮ್ಮು, ನಿಶ್ಶಕ್ತಿ ಎಂದೇ ಬಂದವರು. ಅಲ್ಲಿನ ಆರೋಗ್ಯ ಸಿಬ್ಬಂದಿ ಗುರುತಿಸಿದ್ದು ಮೂವರಲ್ಲಿ ಒಬ್ಬರನ್ನು ಮಾತ್ರ.

ಮುಂದೆ 1990ರ ದಶಕದಲ್ಲಿ ಅದೇ ಸಂಸ್ಥೆ 14 ದೇಶಗಳ 15 ಊರುಗಳಲ್ಲಿ ಇನ್ನೂ ದೊಡ್ಡ ಅಧ್ಯಯನ ನಡೆಸಿತು. ಆ ಪಟ್ಟಿಯಲ್ಲಿ ನಮ್ಮ ಬೆಂಗಳೂರೂ ಇತ್ತು. ಸಾಮಾನ್ಯ ಚಿಕಿತ್ಸಾಲಯಗಳಿಗೆ ಬಂದವರಲ್ಲಿ ಸರಾಸರಿ ನಾಲ್ವರಿಗೊಬ್ಬರಲ್ಲಿ ಚಿಕಿತ್ಸೆಗೆ ಅರ್ಹವಾದ ಮಾನಸಿಕ ತೊಂದರೆ ಕಂಡುಬಂತು. ಬೆಂಗಳೂರಿನಲ್ಲಿ ಅದು ಐವರಿಗೊಬ್ಬರಿಗಿಂತ ತುಸು ಹೆಚ್ಚು. ಅಂದರೆ ಮನೋವೈದ್ಯರ ಬಾಗಿಲಿಗೆ ಎಂದೂ ಹೋಗದ ರೋಗಿಗಳು ಸಾಮಾನ್ಯ ವೈದ್ಯರ ಬೆಂಚಿನ ಮೇಲೆ ಕುಳಿತಿದ್ದಾರೆ. ಅವರನ್ನು ಅಲ್ಲಿಯೇ ಗುರುತಿಸಬೇಕು ಎಂಬ ವಾದ ಹುಟ್ಟಿದ್ದು ಹೀಗೆ.

ಜರಡಿ ಹಿಡಿಯುವ ಬಗೆ

ಇಂಗ್ಲಿಷಿನಲ್ಲಿ ಇದನ್ನು ಸ್ಕ್ರೀನಿಂಗ್ ಎನ್ನುತ್ತಾರೆ. ಸರಿಯಾಗಿ ಹೇಳಬೇಕೆಂದರೆ ಜರಡಿ ಹಿಡಿಯುವುದು. ಇದಕ್ಕೆ ಯಂತ್ರವಿಲ್ಲ, ಸೂಜಿಯಿಲ್ಲ, ಇರುವುದು ಎರಡು ಪ್ರಶ್ನೆ. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿಯಾಗಲೀ ಸಂತೋಷವಾಗಲೀ ಇಲ್ಲವೆಂದು ಎಷ್ಟು ದಿನ ಅನ್ನಿಸಿತು? ಮನಸ್ಸು ಕುಗ್ಗಿ, ಮುಂದೆ ದಾರಿಯೇ ಕಾಣದೆಂದು ಎಷ್ಟು ದಿನ ಅನ್ನಿಸಿತು? ಒಂದು ದಿನವೂ ಇಲ್ಲವೆಂದರೆ ಸೊನ್ನೆ, ಕೆಲವು ದಿನವೆಂದರೆ ಒಂದು, ಅರ್ಧಕ್ಕಿಂತ ಹೆಚ್ಚು ದಿನವೆಂದರೆ ಎರಡು, ಹೆಚ್ಚುಕಡಿಮೆ ಪ್ರತಿದಿನವೂ ಎಂದರೆ ಮೂರು ಅಂಕ. ಎರಡೂ ಸೇರಿ ಮೂರು ಅಥವಾ ಹೆಚ್ಚು ಬಂದರೆ ಒಂಬತ್ತು ಪ್ರಶ್ನೆಗಳ ಉದ್ದನೆಯ ಪಟ್ಟಿಗೆ ಹೋಗುತ್ತಾರೆ. ಅದರಲ್ಲಿ ನಿದ್ರೆ, ಹಸಿವು, ದಣಿವು, ಗಮನ, ತಪ್ಪಿತಸ್ಥ ಭಾವನೆ ಇವೆಲ್ಲ ಬರುತ್ತವೆ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯನ್ನು ಕುರಿತದ್ದು. ಒಟ್ಟು 27 ಅಂಕಗಳಲ್ಲಿ 10 ಅಥವಾ ಹೆಚ್ಚು ಬಂದರೆ ವೈದ್ಯರು ಕೂತು ವಿಚಾರಿಸಬೇಕು ಎಂದರ್ಥ.

ಈ ಒಂಬತ್ತು ಪ್ರಶ್ನೆಗಳ ಪಟ್ಟಿ ಪ್ರಕಟವಾದದ್ದು 2001ರಲ್ಲಿ, ಎರಡರದ್ದು 2003ರಲ್ಲಿ. ಪಿ.ಎಚ್.ಕ್ಯು. ಎಂಬುದು ಇವುಗಳ ಹೆಸರು. ಇವನ್ನು ರೂಪಿಸಲು ಫೈಜರ್ ಔಷಧ ಕಂಪನಿ ಅನುದಾನ ನೀಡಿತ್ತು, ಆ ಕಂಪನಿ ಖಿನ್ನತೆಯ ಮಾತ್ರೆಯನ್ನೂ ಮಾರುತ್ತಿತ್ತು. ಟೀಕಾಕಾರರು ಇದನ್ನು ನೆನಪಿಸುವುದುಂಟು, ನೆನಪಿಸಬೇಕಾದದ್ದೇ. ಆದರೆ ಪಟ್ಟಿಯನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಕಂಪನಿಗೆ ಸಂಬಂಧವಿಲ್ಲದ ಎಷ್ಟೋ ಸಂಶೋಧಕರು ಅದನ್ನು ಒರೆಗೆ ಹಚ್ಚಿಯೂ ಇದ್ದಾರೆ.

ಕೇಳಿ ಎನ್ನುವವರು

ಅಮೆರಿಕದಲ್ಲಿ ರೋಗ ತಡೆಗಟ್ಟುವ ಕ್ರಮಗಳ ಬಗ್ಗೆ ಸಲಹೆ ಕೊಡುವ ಸ್ವತಂತ್ರ ತಜ್ಞರ ಕಾರ್ಯಪಡೆಯೊಂದಿದೆ. ಅದು 2002ರಲ್ಲಿ ವಯಸ್ಕರಿಗೆಲ್ಲ ಖಿನ್ನತೆಯ ಬಗ್ಗೆ ಕೇಳಬೇಕೆಂದು ಸಲಹೆ ಮಾಡಿತು. 2009 ಮತ್ತು 2016ರಲ್ಲಿ ಅದನ್ನು ಪರಿಷ್ಕರಿಸಿತು. 2016ರ ಸಲಹೆಯಲ್ಲಿ ಗರ್ಭಿಣಿಯರನ್ನೂ ಬಾಣಂತಿಯರನ್ನೂ ಹೆಸರಿಸಿಯೇ ಸೇರಿಸಲಾಯಿತು. 2023ರಲ್ಲಿ 64 ವರ್ಷದವರೆಗಿನ ವಯಸ್ಕರಿಗೆ ಆತಂಕದ ತಪಾಸಣೆಯೂ ಇರಲಿ ಎಂದಿತು. ಕುಟುಂಬ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಫ್ಯಾಮಿಲಿ ಫಿಸಿಷಿಯನ್ಸ್ ಖಿನ್ನತೆಯ ತಪಾಸಣೆಯನ್ನು ಬೆಂಬಲಿಸಿದೆ. ಹೃದ್ರೋಗ ತಜ್ಞರ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲಿ, ಹೃದಯದ ರಕ್ತನಾಳದ ಕಾಯಿಲೆ ಇರುವವರಿಗೆ ಮೊದಲು ಎರಡು ಪ್ರಶ್ನೆ, ಅಗತ್ಯ ಕಂಡರೆ ಒಂಬತ್ತೂ ಕೇಳಿ ಎಂದು ತನ್ನ ವೈದ್ಯರಿಗೆ ಹೇಳಿತು. ಹೃದಯಾಘಾತವಾದವರು ಖಿನ್ನತೆಗೆ ಬಿದ್ದರೆ ಮಾತ್ರೆ, ಪಥ್ಯ, ನಡಿಗೆ ಎಲ್ಲವನ್ನೂ ಕೈಬಿಡುತ್ತಾರೆ ಎಂಬುದನ್ನು ಅವರು ಕಂಡುಕೊಂಡಿದ್ದರು.

ಇವರೆಲ್ಲರಿಗಿಂತ ಜಾಣತನದ ಹೆಜ್ಜೆ ಮಕ್ಕಳ ವೈದ್ಯರದು ಎಂದು ನನಗನ್ನಿಸುತ್ತದೆ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 12 ವರ್ಷ ತುಂಬಿದ ಮಕ್ಕಳಿಗೆ ವರ್ಷಕ್ಕೊಮ್ಮೆ ಖಿನ್ನತೆಯ ತಪಾಸಣೆ ಇರಲಿ ಎನ್ನುವುದರ ಜತೆಗೆ, ಕೂಸಿಗೆ ಒಂದು, ಎರಡು, ನಾಲ್ಕು ಮತ್ತು ಆರು ತಿಂಗಳಾದಾಗ ಬರುವ ತಾಯಿಯ ಮನಸ್ಸನ್ನೂ ವಿಚಾರಿಸಿ ಎನ್ನುತ್ತದೆ. ತಾಯಿ ತನ್ನ ತಪಾಸಣೆಯನ್ನು ಮುಂದೂಡಿಯಾಳು, ಕೂಸಿನ ಲಸಿಕೆಯನ್ನು ಮುಂದೂಡುವವಳಲ್ಲ. ಪ್ರಸೂತಿ ತಜ್ಞರ ಸಂಘವೂ 2023ರ ತನ್ನ ಮಾರ್ಗಸೂಚಿಯಲ್ಲಿ ಗರ್ಭಿಣಿಯ ಮೊದಲ ಭೇಟಿಯಲ್ಲಿ, ದಿನ ತುಂಬುತ್ತ ಬಂದಾಗ, ಹೆರಿಗೆಯ ಬಳಿಕ - ಹೀಗೆ ಮೂರು ಹಂತಗಳಲ್ಲಿ ಕೇಳಬೇಕೆಂದಿದೆ.

ಬಾಣಂತನದ ಮಾತು ಬಂದದ್ದರಿಂದ ಒಂದು ವಿವರಣೆ. ನಮ್ಮ ಹಿರಿಯರಿಗೆ ಬಾಣಂತಿ ಸನ್ನಿ ಗೊತ್ತು: ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ರೆಗೆಟ್ಟು, ಅಸಂಬದ್ಧ ಮಾತನಾಡಿ, ಕೂಸನ್ನೇ ಗುರುತಿಸದ ಸ್ಥಿತಿ. ಅದು ಅಪರೂಪ, ತುರ್ತು ಚಿಕಿತ್ಸೆ ಬೇಕಾದದ್ದು, ಎಲ್ಲರ ಕಣ್ಣಿಗೂ ಬೀಳುತ್ತದೆ. ಬಾಣಂತಿಯ ಖಿನ್ನತೆ ಇದಕ್ಕಿಂತ ಎಷ್ಟೋ ಪಾಲು ಸಾಮಾನ್ಯ, ಆದರೆ ಕಣ್ಣಿಗೆ ಬೀಳುವುದಿಲ್ಲ. ಕೂಸಿಗೆ ಹಾಲೂಡಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಗೋಡೆಯ ಕಡೆ ತಿರುಗಿ ಅಳುತ್ತಾಳೆ. "ಮೊದಲ ಹೆರಿಗೆ, ಸ್ವಲ್ಪ ದಿನ ಹೀಗೇ" ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಹೆರಿಗೆಯ ನಂತರದ ಸಣ್ಣ ಅಳು ಎರಡು ವಾರದೊಳಗೆ ತಾನೇ ಇಳಿಯುತ್ತದೆ. ಅದಕ್ಕೂ ಮೀರಿದರೆ ಅದು ಕಾಯಿಲೆ. ಇವರಿಗೆಂದೇ 1987ರಲ್ಲಿ ಬ್ರಿಟನ್ನಿನಲ್ಲಿ ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ ಸಿದ್ಧವಾಯಿತು. ಅದು ಕನ್ನಡಕ್ಕೂ ಬಂದಿದೆ.

ಬೇಡ ಎನ್ನುವವರು

ಕೆನಡಾದ ಇಂಥದೇ ಕಾರ್ಯಪಡೆ 2013ರಲ್ಲಿ, ಯಾವ ಲಕ್ಷಣವೂ ಕಾಣದ ವಯಸ್ಕರಿಗೆಲ್ಲ ಪ್ರಶ್ನಾವಳಿ ಹಂಚುವುದು ಬೇಡವೆಂದಿತು. ಕೇಳಿದ್ದರಿಂದ ರೋಗಿಗಳ ಸ್ಥಿತಿ ಉತ್ತಮವಾಯಿತು ಎಂದು ತೋರಿಸುವ ನೇರ ಪುರಾವೆ ಎಲ್ಲಿ ಎಂಬುದು ಅದರ ಪ್ರಶ್ನೆ. 2022ರಲ್ಲಿ ಗರ್ಭಿಣಿಯರ ಬಗ್ಗೆಯೂ ಅದೇ ನಿಲುವು ತಳೆಯಿತು. ಮನಸ್ಸಿನ ಬಗ್ಗೆ ಕೇಳಲೇಬೇಡಿ ಎಂದು ಅದು ಹೇಳಲಿಲ್ಲ. ಅಂಕಪಟ್ಟಿ ಹಿಡಿದು ಕೇಳುವ ಬದಲು ವೈದ್ಯರು ಎಂದಿನಂತೆ ಮಾತನಾಡಿಸಲಿ ಎಂದಿತು. ಬ್ರಿಟನ್ನಿನ ರಾಷ್ಟ್ರೀಯ ಸಮಿತಿಯೂ ಎಲ್ಲರನ್ನೂ ಜರಡಿ ಹಿಡಿಯುವುದನ್ನು ಒಪ್ಪಲಿಲ್ಲ. ಆದರೆ ಅಲ್ಲಿನ ಮಾರ್ಗಸೂಚಿ, ಹಿಂದೆ ಖಿನ್ನತೆ ಬಂದಿದ್ದವರಿಗೆ ಮತ್ತು ದೀರ್ಘಕಾಲದ ದೈಹಿಕ ಕಾಯಿಲೆ ಇರುವವರಿಗೆ ಎರಡು ಪ್ರಶ್ನೆ ಕೇಳುವಂತೆ ಹೇಳುತ್ತದೆ.

ಇವರ ಅನುಮಾನಕ್ಕೆ ಒಂದು ಲೆಕ್ಕದ ಆಧಾರವಿದೆ. 2019ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷಾ ಅಧ್ಯಯನವೊಂದರ ಪ್ರಕಾರ ಒಂಬತ್ತು ಪ್ರಶ್ನೆಗಳ ಪಟ್ಟಿ ಖಿನ್ನತೆ ಇರುವ ನೂರರಲ್ಲಿ 88 ಜನರನ್ನು ಗುರುತಿಸುತ್ತದೆ, ಇಲ್ಲದ ನೂರರಲ್ಲಿ 85 ಜನರಿಗೆ ಇಲ್ಲವೆಂದೇ ಹೇಳುತ್ತದೆ. ಕೇಳಲು ಚೆನ್ನಾಗಿದೆ. ಈಗ ಒಂದು ಆಸ್ಪತ್ರೆಗೆ ಬರುವ ಸಾವಿರ ಜನರಲ್ಲಿ ನೂರು ಮಂದಿಗೆ ಖಿನ್ನತೆ ಇದೆಯೆಂದು ಇಟ್ಟುಕೊಳ್ಳಿ. ಪಟ್ಟಿ ಅವರಲ್ಲಿ 88 ಜನರನ್ನು ಹಿಡಿಯುತ್ತದೆ. ಉಳಿದ 900 ಮಂದಿಯಲ್ಲಿ ನೂರಕ್ಕೆ 15ರಂತೆ 135 ಮಂದಿಯನ್ನೂ ತಪ್ಪಾಗಿ ಹಿಡಿಯುತ್ತದೆ. ಜರಡಿಯ ಮೇಲೆ ನಿಂತವರು ಒಟ್ಟು 223, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಕಾಯಿಲೆಯೇ ಇಲ್ಲ. ಮಗಳ ಮದುವೆಯ ಸಾಲ, ಸತ್ತ ಎಮ್ಮೆ, ಫೇಲಾದ ಮಗ - ಬೇಸರಕ್ಕೆ ಕಾರಣ ಯಾವುದಾದರೂ ಇರಬಹುದು. ಥೈರಾಯ್ಡ್ ಗ್ರಂಥಿಯ ಕೊರತೆ, ರಕ್ತಹೀನತೆಗಳೂ ಮನಸ್ಸನ್ನು ಕುಗ್ಗಿಸುತ್ತವೆ. ಆದ್ದರಿಂದ ಅಂಕವನ್ನು ನೋಡಿಯೇ ಮಾತ್ರೆ ಬರೆದರೆ ಅದು ವೈದ್ಯಕೀಯವಲ್ಲ, ಗುಮಾಸ್ತಿಕೆ. ಅಂಕ ಬಂದ ಮೇಲೆ ವೈದ್ಯರು ಕಾಲು ಗಂಟೆಯಾದರೂ ಕೂತು ಮಾತನಾಡಲೇಬೇಕು. ಹೊರರೋಗಿಗಳ ಸಾಲು ಬಾಗಿಲಾಚೆಯವರೆಗೆ ನಿಂತಿರುವಾಗ ಆ ಕಾಲು ಗಂಟೆ ಎಲ್ಲಿಂದ ಬರಬೇಕು ಎಂಬುದೇ ತೊಡಕು.

ಷರತ್ತು

ಕೇಳಿ ಎನ್ನುವವರೂ ಈ ತೊಡಕನ್ನು ಬಲ್ಲರು. ಅಮೆರಿಕದ ಕಾರ್ಯಪಡೆ 2002ರಿಂದಲೂ ತನ್ನ ಸಲಹೆಗೆ ಒಂದು ಷರತ್ತು ಸೇರಿಸುತ್ತ ಬಂದಿತು: ಖಚಿತವಾಗಿ ರೋಗ ಗುರುತಿಸಿ, ಚಿಕಿತ್ಸೆ ಕೊಟ್ಟು, ರೋಗಿಯನ್ನು ಮತ್ತೆ ಮತ್ತೆ ವಿಚಾರಿಸಿಕೊಳ್ಳುವ ವ್ಯವಸ್ಥೆ ಇದ್ದಲ್ಲಿ ಮಾತ್ರ ತಪಾಸಣೆಗೆ ಫಲವುಂಟು. ಸಂಘಗಳ ಹೇಳಿಕೆಗಳನ್ನು ಉಲ್ಲೇಖಿಸುವವರು ಮೊದಲರ್ಧವನ್ನು ಹೇಳಿ ಈ ಎರಡನೆಯರ್ಧವನ್ನು ನುಂಗಿಬಿಡುತ್ತಾರೆ. ಪ್ರಾಣವಿರುವುದು ಎರಡನೆಯರ್ಧದಲ್ಲಿಯೇ.

ವ್ಯವಸ್ಥೆ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆ ಇದೆ. ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 24 ಚಿಕಿತ್ಸಾಲಯಗಳಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವೈದ್ಯರಲ್ಲದ ಸಾಮಾನ್ಯ ವಿದ್ಯಾವಂತರಿಗೆ ತರಬೇತಿ ಕೊಟ್ಟು ಆಪ್ತಸಲಹೆಗಾರರನ್ನಾಗಿ ನೇಮಿಸಿದರು. ತಪಾಸಣೆಯಲ್ಲಿ ಸಿಕ್ಕವರನ್ನು ಇವರು ಮಾತನಾಡಿಸುವುದು, ಅಗತ್ಯವಿದ್ದರೆ ವೈದ್ಯರು ಮಾತ್ರೆ ಕೊಡುವುದು, ತೀರ ಕಠಿಣವಾದರೆ ಮನೋವೈದ್ಯರು ನೋಡುವುದು - ಇದು ಕ್ರಮ. ಸರ್ಕಾರಿ ಕೇಂದ್ರಗಳಲ್ಲಿ ಆರು ತಿಂಗಳ ಬಳಿಕ ನೂರಕ್ಕೆ ಸುಮಾರು 66 ಮಂದಿ ಗುಣವಾಗಿದ್ದರು. ಸಲಹೆಗಾರರಿಲ್ಲದ ಸರ್ಕಾರಿ ಕೇಂದ್ರಗಳಲ್ಲಿ ಗುಣವಾದವರು ಸುಮಾರು 42 ಮಂದಿ. ಆ ಕೇಂದ್ರಗಳಲ್ಲೂ ತಪಾಸಣೆ ನಡೆದು, ಫಲಿತಾಂಶ ವೈದ್ಯರಿಗೆ ತಲಪಿತ್ತು. ವ್ಯತ್ಯಾಸ ತಂದದ್ದು ಪ್ರಶ್ನೆಯಲ್ಲ, ಪ್ರಶ್ನೆಯ ನಂತರ ಬಂದ ಮನುಷ್ಯ.

ಕರ್ನಾಟಕ ಈ ದಾರಿಯಲ್ಲಿ ಹೊಸಬನಲ್ಲ. ನಿಮ್ಹಾನ್ಸ್ 1970ರ ದಶಕದಲ್ಲೇ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆದು, ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಏನು ಕಲಿಸಬೇಕು, ಎಷ್ಟು ಕಲಿಸಿದರೆ ಸಾಕು ಎಂಬುದನ್ನು ಪ್ರಯೋಗ ಮಾಡಿ ನೋಡಿತು. ಅದರ ಬಲದ ಮೇಲೆ 1985ರಿಂದ 1990ರವರೆಗೆ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಅಲ್ಪಾವಧಿ ತರಬೇತಿ, ಬೆರಳೆಣಿಕೆಯ ಅಗತ್ಯ ಔಷಧಿ, ಸರಳ ದಾಖಲೆ, ಜಿಲ್ಲಾ ಮಟ್ಟದಲ್ಲಿ ಒಬ್ಬ ಮನೋವೈದ್ಯರ ಉಸ್ತುವಾರಿ ಎಂಬ ಏರ್ಪಾಟು ನಡೆಯಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದರೆ ಅಂದಿನ ಗಮನ ಹೆಚ್ಚಾಗಿ ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಕಡೆ ಇತ್ತು. ಕೂಗಾಡುವವನು ಊರಿಗೆಲ್ಲ ಕಾಣುತ್ತಾನೆ, ಸುಮ್ಮನೆ ಕುಗ್ಗಿ ಕುಳಿತವಳು ಕಾಣುವುದಿಲ್ಲ. ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಮನೋವೈದ್ಯಶಾಸ್ತ್ರವನ್ನು ಪ್ರತ್ಯೇಕ ವಿಷಯವಾಗಿ ಕಲಿಸಿ ಪರೀಕ್ಷೆ ನಡೆಸಬೇಕೆಂದು 1947ರಲ್ಲಿ ಸ್ಥಾಪನೆಯಾದ ಭಾರತೀಯ ಮನೋವೈದ್ಯಕೀಯ ಸಂಘ ದಶಕಗಳಿಂದ ಒತ್ತಾಯಿಸಿದ್ದೂ ಈ ಕಾರಣಕ್ಕೇ. ಪರೀಕ್ಷೆಗೆ ಬಾರದ ವಿಷಯವನ್ನು ವಿದ್ಯಾರ್ಥಿಗಳು ಎಷ್ಟು ಓದುತ್ತಾರೆಂದು ಓದುಗರಿಗೆ ಹೇಳಬೇಕಿಲ್ಲ.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಆಗ ಮಾನಸಿಕ ತೊಂದರೆ ಇತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳಿದ್ದವರಲ್ಲಿ ನೂರಕ್ಕೆ 85ರಷ್ಟು ಮಂದಿ ಚಿಕಿತ್ಸೆಯನ್ನೇ ಪಡೆದಿರಲಿಲ್ಲ.

ಆಶಾ ಬಂದಾಗ

ರಕ್ತದೊತ್ತಡ, ಮಧುಮೇಹ, ಕ್ಯಾನ್ಸರ್ ಪತ್ತೆಗೆಂದು 30 ವರ್ಷ ದಾಟಿದವರ ಬಗ್ಗೆ ಆಶಾ ಕಾರ್ಯಕರ್ತೆ ತುಂಬುವ ನಮೂನೆಯೊಂದಿದೆ. ಹೊಗೆಸೊಪ್ಪು, ಮದ್ಯ, ಸೊಂಟದ ಸುತ್ತಳತೆ, ಒಲೆಗೆ ಸೌದೆಯೋ ಗ್ಯಾಸೋ ಎಂಬುದನ್ನೆಲ್ಲ ಬರೆದುಕೊಂಡ ಮೇಲೆ ಕೊನೆಯ ಭಾಗದಲ್ಲಿ ಮೇಲೆ ಹೇಳಿದ ಎರಡು ಪ್ರಶ್ನೆಗಳು ಬರುತ್ತವೆ. ಅಂಕ ಹೆಚ್ಚಿದ್ದರೆ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕೆಂಬುದು ನಿಯಮ. ವೃತ್ತಿ ಸಂಘಗಳು ವರ್ಷಗಟ್ಟಲೆ ವಾದಿಸಿದ ಸಂಗತಿ ಹೀಗೆ ನಮ್ಮ ಜಗುಲಿಗೇ ಬಂದು ಕುಳಿತಿದೆ.

ಜಗುಲಿಯ ಮೇಲೆ ನಾಲ್ಕು ಜನರೆದುರು ಕೇಳಿದರೆ "ನಾನು ಚೆನ್ನಾಗಿದ್ದೇನೆ" ಎಂಬ ಉತ್ತರವೇ ಬರುತ್ತದೆ. ಸೊಸೆಯ ಸರದಿ ಬಂದಾಗ ಅತ್ತೆಯವರು ಕಾಫಿಗೆ ನೀರಿಡಲು ಒಳಗೆ ಹೋಗುವುದು ಒಳ್ಳೆಯದು, ಗಂಡನೂ ಅಷ್ಟೆ. ಪ್ರಶ್ನೆ ಕೇಳಿದ್ದಕ್ಕೆ ಅವಮಾನಪಡಬೇಕಾದದ್ದೇನೂ ಇಲ್ಲ. ಎಲ್ಲರಿಗೂ ಕೇಳುವ ಉದ್ದೇಶವೇ ಯಾರೊಬ್ಬರನ್ನೂ ಬೊಟ್ಟುಮಾಡಿ ತೋರಿಸಬಾರದೆಂಬುದು. ಅಂಕ ಹೆಚ್ಚು ಬಂದರೆ "ಮುಂದೆ ಯಾರು ನೋಡುತ್ತಾರೆ, ಯಾವ ದಿನ, ಎಲ್ಲಿ?" ಎಂದು ಕೇಳಿ ಬರೆದಿಟ್ಟುಕೊಳ್ಳಿ. ಇದು ನಿಮ್ಮ ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕನ್ನೂ ರೋಗಿಯ ವಿವರಗಳನ್ನು ಗುಟ್ಟಾಗಿಡುವ ಹಕ್ಕನ್ನೂ ಕೊಟ್ಟಿದೆ.

ಆರೋಗ್ಯ ಕೇಂದ್ರಕ್ಕೆ ಹೋದಾಗ ನಿದ್ರೆ ಮಾತ್ರೆಯೊಂದನ್ನೇ ಕೊಟ್ಟು ಕಳುಹಿಸಿದರೆ ತೃಪ್ತಿಪಡಬೇಡಿ. ಅದು ಖಿನ್ನತೆಗೆ ಔಷಧಿಯಲ್ಲ, ತಿಂಗಳುಗಟ್ಟಲೆ ತೆಗೆದುಕೊಂಡರೆ ಚಟವೂ ಆಗುತ್ತದೆ. ಲಘುವಾದ ಖಿನ್ನತೆಗೆ ಆಪ್ತಸಲಹೆಯೇ ಸಾಕಾಗಬಹುದು. ಖಿನ್ನತೆಯ ಮಾತ್ರೆ ಬರೆದುಕೊಟ್ಟರೆ ಅದು ಕೆಲಸ ಆರಂಭಿಸಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಮೊದಲ ವಾರ ಹೊಟ್ಟೆ ತೊಳಸಿದಂತಾಗಬಹುದು. ಮೂರನೆಯ ದಿನವೇ "ಗುಣ ಕಾಣಲಿಲ್ಲ" ಎಂದು ಬಿಡುವವರೂ, ಎರಡನೆಯ ತಿಂಗಳು "ಗುಣವಾಯಿತಲ್ಲ" ಎಂದು ಬಿಡುವವರೂ ಮತ್ತೆ ಮಲಗುತ್ತಾರೆ. ಗುಣ ಕಂಡ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಒಂಬತ್ತನೆಯ ಪ್ರಶ್ನೆಯ ಬಗ್ಗೆ ಹೇಳಲೇಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಬಹಳ ಜನರಿಗಿದೆ. ಅದು ನಿಜವಲ್ಲ. ಕೇಳಿದಾಗ ಹೆಚ್ಚಿನವರಿಗೆ ಭಾರ ಇಳಿದಂತಾಗುತ್ತದೆ. ಹೌದೆಂದರೆ ಪೊಲೀಸರು ಬಂದಾರು ಎಂಬ ಹೆದರಿಕೆಯೂ ಬೇಡ. ಯೋಚನೆ ಅಪರಾಧವಲ್ಲ. ಯತ್ನಿಸಿದವರನ್ನು ಕೂಡ ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಆರೈಕೆ ಮಾಡಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಹೌದು ಎಂದವರನ್ನು ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು, ಅಲ್ಲಿಯವರೆಗೆ ಒಂಟಿಯಾಗಿ ಬಿಡಬಾರದು. ಹೊಲಕ್ಕೆಂದು ತಂದ ಕ್ರಿಮಿನಾಶಕದ ಡಬ್ಬಿ ಆ ಮನೆಯಲ್ಲಿ ಇರಕೂಡದು, ನೆರೆಯವರ ಮನೆಯಲ್ಲಿ ಬೀಗದೊಳಗಿರಲಿ. ರಾತ್ರಿ ಹೊತ್ತು, ವೈದ್ಯರು ಹತ್ತಿರವಿಲ್ಲ ಎನ್ನುವಾಗ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮನಸ್ ಸೇವೆ ಅದು. ಶುಲ್ಕವಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತನಾಡಬಹುದು. ರೋಗಿ ಮಾತನಾಡಲು ಒಪ್ಪದಿದ್ದರೆ ಮನೆಯವರೇ ಮಾಡಬಹುದು.